ಬಿಳಿ ಅಕ್ಷರದ ಅರ್ಜಿ

ಸಂದರ್ಶನ ಮೂರು ಗಂಟೆಗೆ. ಆಸ್ಪತ್ರೆಯ ಎದುರಿನ ಜೆರಾಕ್ಸ್ ಅಂಗಡಿಗೆ ನಾನೂ ಸೊಸೆಯೂ ಎರಡಕ್ಕೇ ಬಂದಿದ್ದೆವು. ರೆಸ್ಯೂಮಿನ ಎರಡು ಪ್ರತಿ ಬೇಕಿತ್ತು, ಅಷ್ಟೇ.

"ಅಕ್ಷರ ತುಂಬ ಸಣ್ಣಗಿದೆಯಮ್ಮ, ಸ್ವಲ್ಪ ದೊಡ್ಡದು ಮಾಡ್ಲಾ?" ಎಂದು ಅಂಗಡಿಯಾಕೆ ಕಂಪ್ಯೂಟರಿನಲ್ಲಿ ಇಡೀ ಪುಟವನ್ನು ಒಟ್ಟಿಗೆ ಆರಿಸಿದಳು. ಪುಟ ನೀಲಿಯಾಯಿತು. ಕೆಳಗೆ ಖಾಲಿ ಇದ್ದ ಜಾಗದಲ್ಲಿ ಇರುವೆ ಸಾಲಿನಂತೆ ಅಕ್ಷರಗಳು ಎದ್ದುಬಂದವು.

ಓದಿದೆ. ಆಸ್ಪತ್ರೆಯವರ ಕೆಲಸದ ಜಾಹೀರಾತೇ ಅದು, ಆರಂಭದಿಂದ ಕೊನೆಯವರೆಗೆ. ಬಿಳಿ ಕಾಗದದ ಮೇಲೆ ಬಿಳಿ ಬಣ್ಣದಲ್ಲಿ. ಕೊನೆಯ ಸಾಲು: 'ಕ್ಯಾಮೆರಾ ಉಪಕರಣಗಳ ಶುದ್ಧೀಕರಣದಲ್ಲಿ ಐದು ವರ್ಷ ಅನುಭವ.'

ಅಂಗಡಿಯಾಕೆ ಸಾಲಿನಲ್ಲಿ ನಿಂತ ಇತರರಿಗೆ ಕಾಣದ ಹಾಗೆ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು.

"ಇದು ನಾನು ಬರ್ದಿದ್ದಲ್ಲ ಅತ್ತೆ" ಎಂದಳು ಸೊಸೆ.

ಯಾರು ಬರೆದದ್ದೆಂದು ನನಗೆ ಗೊತ್ತಾಗಿತ್ತು. ಒಂಬತ್ತು ವರ್ಷ ಅವಳು ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿದ್ದಳು. ಶಸ್ತ್ರಚಿಕಿತ್ಸೆಯ ಕತ್ತರಿ, ಚಿಮಟಗಳನ್ನು ತೊಳೆದು, ಎಣಿಸಿ, ಪೊಟ್ಟಣ ಕಟ್ಟಿ ಬಿಸಿ ಹಬೆಯ ಯಂತ್ರದಲ್ಲಿಡುವ ಕೆಲಸ. ಮೂರು ತಿಂಗಳ ಹಿಂದೆ ಅದು ಮುಚ್ಚಿತು. ಊರಿನಲ್ಲಿ ಅಂಥ ಕೋಣೆ ಉಳಿದಿದ್ದು ಈ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ. ಇದು ತಪ್ಪಿದರೆ ಮಗುವನ್ನು ನನ್ನ ಬಳಿ ಬಿಟ್ಟು ಬೇರೆ ಊರಿಗೆ ಹೋಗಬೇಕು. ಎರಡು ಸಲ ಅರ್ಜಿ ಹಾಕಿದಳು. ಎರಡು ಸಲವೂ ಮನುಷ್ಯರು ಯಾರೂ ನೋಡುವ ಮೊದಲೇ ಕಂಪ್ಯೂಟರು 'ಕ್ಷಮಿಸಿ' ಎಂದಿತು. ಮೂರನೆಯ ಸಲ ನನ್ನ ಕಿರಿಮಗ "ಬಿಡಿ ಅತ್ತಿಗೆ, ನಾನು ಕಳಿಸ್ತೀನಿ" ಎಂದಿದ್ದ. ಸಂದರ್ಶನಕ್ಕೆ ಕರೆ ಬಂದೇಬಿಟ್ಟಿತ್ತು.

ಅವನಿಗೆ ಫೋನ್ ಹಚ್ಚಿದೆ.

"ಎಲ್ಲರೂ ಮಾಡ್ತಾರಮ್ಮ! ಜಾಹೀರಾತಿನ ಪದ ಇದ್ರೇನೇ ಮಿಷನ್ ಮುಂದಕ್ಕೆ ಬಿಡೋದು. ಅದು ಓದುತ್ತೆ, ಮನುಷ್ಯರಿಗೆ ಕಾಣಲ್ಲ. ಅವ್ರು ಚಾಪೆ ಕೆಳಗೆ ತೂರಿದ್ರೆ ನಾವು ರಂಗೋಲಿ ಕೆಳಗೆ. ಸುಮ್ನೆ ಒಳಗೆ ಹೋಗೋಕೆ ಹೇಳು."

"ಹೋಗ್ಲಾ ಅತ್ತೆ?" ಸೊಸೆ ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಅವಳೇ ಮುಂದುವರಿಸಿದಳು. "ದೇಹದೊಳಗೆ ಇಳಿಸೋ ಆ ಕ್ಯಾಮೆರಾ ಉಪಕರಣ ನಾನು ಕೈಯಲ್ಲಿ ಹಿಡಿದೇ ಇಲ್ಲ. ನಾಳೆ ಕೊಟ್ಟು ತೊಳಿ ಅಂದ್ರೆ? ಸರಿಯಾಗಿ ತೊಳೀದಿದ್ದದ್ದು ಯಾರದೋ ಹೊಟ್ಟೆಯೊಳಗೆ ಹೋಗುತ್ತೆ."

"ಹೇಳಿಬಿಟ್ರೆ ಕೆಲ್ಸ ಹೋಗುತ್ತೆ ಕಣೇ."

"ಹೂಂ" ಎಂದಳು. ಅಷ್ಟು ಹೊತ್ತಿಗೆ ಮೂರಕ್ಕೆ ಐದು ನಿಮಿಷವಿತ್ತು.

ಸಂದರ್ಶನದ ಕೋಣೆಗೆ ಗಾಜಿನ ಬಾಗಿಲು. ನಾನು ಹೊರಗೆ ಕುಳಿತಿದ್ದೆ. ಒಳಗೆ ನೇಮಕಾತಿ ಅಧಿಕಾರಿ, ಪಕ್ಕದಲ್ಲಿ ನೀಲಿ ಗೌನಿನ ಒಬ್ಬ ಹಿರಿಯ ಸಿಸ್ಟರ್. ಸೊಸೆ ಕುರ್ಚಿ ತೋರಿಸಿದರೂ ಕೂರಲಿಲ್ಲ. ನಿಂತೇ ಮಾತಾಡಿದಳು. ಅಧಿಕಾರಿ ಪರದೆಯನ್ನು ಕೆಳಗೆ ಸರಿಸುತ್ತ ಹೋದರು, ನಿಲ್ಲಿಸಿದರು, ಕನ್ನಡಕ ತೆಗೆದರು. ನಾಲ್ಕೇ ನಿಮಿಷ. ಅವಳು ಹೊರಗೆ ಬಂದಳು.

"ಅರ್ಜಿ ರದ್ದು ಅತ್ತೆ. ಸುಳ್ಳು ಇರೋದನ್ನ ಇಟ್ಕೊಳ್ಳೋಕಾಗಲ್ವಂತೆ. ನಿಯಮ."

ಅವಳ ಹಿಂದೆಯೇ ಬಾಗಿಲು ತೆರೆಯಿತು. ಆ ಸಿಸ್ಟರ್, ಅವರೇ ಉಪಕರಣಗಳ ಕೋಣೆಯ ಮುಖ್ಯಸ್ಥೆ, ನೀರಿನ ಲೋಟ ಹಿಡಿದು ಬಂದಿದ್ದರು. ಲೋಟವನ್ನು ಸೊಸೆಗಲ್ಲ, ನನಗೆ ಕೊಟ್ಟರು. ನಾನು ಕತ್ತು ಚಾಚಿ ಒಳಗೇ ನೋಡುತ್ತಿದ್ದುದನ್ನು ಗಾಜಿನಾಚೆಯಿಂದ ಗಮನಿಸಿರಬೇಕು.

"ಹೊಸ ಅರ್ಜಿ ಹಾಕೋಕೆ ಇವತ್ತು ಐದು ಗಂಟೆವರೆಗೂ ಅವಕಾಶ ಇದೆ" ಎಂದರು. "ಆದ್ರೆ ಅದೂ ಮಿಷನ್ ದಾಟಿ ಬರ್ಬೇಕು. ನಾನು ಕೈ ಹಾಕೋ ಹಾಗಿಲ್ಲ. ಅಲ್ಲಮ್ಮ, ನಿಮ್ಮ ರೆಸ್ಯೂಮ್ ಪೂರ್ತಿ 'ಸಹಾಯ ಮಾಡಿದ್ದೇನೆ, ಸಹಾಯ ಮಾಡಿದ್ದೇನೆ' ಅಂತಿದೆ. ಯಾರಿಗೆ ಸಹಾಯ?"

ಸೊಸೆ ಯೋಚಿಸಿದಳು. "ಯಾರಿಗೂ ಅಲ್ಲ. ಆ ಕೋಣೇಲಿ ನಾನೊಬ್ಳೇ ಇದ್ದಿದ್ದು."

"ಮತ್ತೆ?"

"ನಾನೇ ಮಾಡ್ದೆ ಅಂತ ಬರ್ದ್ರೆ ಜಂಬ ಅನ್ಸುತ್ತಲ್ವಾ?"

"ಒಳ್ಳೆ ಕಥೆ!" ಎಂದು ಸಿಸ್ಟರ್ ಒಳಗೆ ಹೋದರು.

ತಪ್ಪು ನನ್ನದೂ ಹೌದು. 'ಸಹಾಯ ಮಾಡಿದ್ದೇನೆ' ಎಂದರೆ ವಿನಯವಾಗಿರುತ್ತದೆ ಎಂದು ಹೇಳಿಕೊಟ್ಟವಳೇ ನಾನು.

ಮತ್ತೆ ಅಂಗಡಿಗೆ ಓಡಿದೆವು. ಅಂಗಡಿಯಾಕೆ ನಮ್ಮ ಮುಖ ನೋಡಿ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು. "ಈ ಬಣ್ಣದ ಚೌಕ, ಫೋಟೋ ಎಲ್ಲ ತೆಗೀರಿ. ಚೌಕದೊಳಗಿದ್ರೆ ಮಿಷನ್ ಎಷ್ಟೋ ಸಲ ಓದೋದೇ ಇಲ್ಲ. ಸಾಲಾಗಿ ಬರೀರಿ."

ನಾನು ಜಾಹೀರಾತನ್ನು ಒಂದೊಂದೇ ಸಾಲು ಓದಿದೆ. ಅವಳು ಹೌದು ಅಂದದ್ದು ಮಾತ್ರ ಅದೇ ಪದಗಳಲ್ಲಿ ಒಳಗೆ ಹೋಯಿತು.

"ಆಟೋಕ್ಲೇವ್ ನಿರ್ವಹಣೆ?"

"ಅದೇ ಹಬೆ ಯಂತ್ರ. ಒಂಬತ್ತು ವರ್ಷ."

"ದಿನಕ್ಕೆ ಎಷ್ಟು ಸೆಟ್?"

"ಇಪ್ಪತ್ತೆರಡು. ಸೋಮವಾರ ಮೂವತ್ತು."

"ಒಂದಾದ್ರೂ ವಾಪಸ್ ಬಂದಿತ್ತಾ?"

"ಒಂದು. ಕತ್ತರಿ ಕೀಲಿನಲ್ಲಿ ಕಲೆ ಇತ್ತು. ಆಮೇಲಿಂದ ಪ್ರತಿಯೊಂದನ್ನೂ ಬಿಚ್ಚಿ ನೋಡ್ತಿದ್ದೆ."

"ಅದನ್ನೂ ಬರಿ."

"ಅದು ತಪ್ಪಲ್ವಾ ಅತ್ತೆ?"

"ಬರಿಯೇ!"

'ಸಹಾಯ' ಬಿಟ್ಟು ಬರೀ 'ಮಾಡಿದ್ದೇನೆ' ಎಂದು ಬರೆಯುವಾಗಲೆಲ್ಲ ಅವಳ ಬೆರಳು ಒಂದು ಕ್ಷಣ ತಡೆಯುತ್ತಿತ್ತು. ನಾಲ್ಕೂ ಮುಕ್ಕಾಲಿಗೆ ಕ್ಯಾಮೆರಾ ಉಪಕರಣದ ಸಾಲಿಗೆ ಬಂದೆವು. ಅದನ್ನು ಎರಡು ಸಲ ಓದಿದೆ. ಆಮೇಲೆ ಅವಳೇ ಬರೆದಳು: 'ಅನುಭವವಿಲ್ಲ. ಕಲಿಯಲು ಸಿದ್ಧ.' ಐದಕ್ಕೆ ಆರು ನಿಮಿಷವಿದ್ದಾಗ ಕಳಿಸಿದಳು. ಆ ಸಾಲಿನಿಂದಲೇ ಮಿಷನ್ ಬಿಸಾಡಬಹುದು ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅಂಗಡಿಯ ಬೆಂಚಿನ ಮೇಲೆ ಕಾದೆವು. ಐದೂ ಇಪ್ಪತ್ತಕ್ಕೆ ಫೋನ್ ಬಂತು. ಅಧಿಕಾರಿಯ ಧ್ವನಿ ನನಗೂ ಕೇಳುತ್ತಿತ್ತು.

"ನಿಮ್ಮದು ಪಟ್ಟಿಯಲ್ಲಿ ಹದಿನೇಳನೇದಾಗಿ ಬಂದಿದೆ. ಇಪ್ಪತ್ತು ಜನರನ್ನ ಕೈಕೆಲಸದ ಪರೀಕ್ಷೆಗೆ ಕರೀತಿದ್ದೀವಿ. ಸೋಮವಾರ ಹತ್ತು ಗಂಟೆಗೆ ಬನ್ನಿ. ಸಿಸ್ಟರ್ ಒಂದು ಟ್ರೇ ಉಪಕರಣ ಮುಂದಿಡ್ತಾರೆ. ಮಾತಿಲ್ಲ, ಕೆಲ್ಸ ನೋಡ್ತಾರೆ."

"ಸರ್, ಮಧ್ಯಾಹ್ನದ ವಿಷಯ..."

"ಅದನ್ನ ಫೈಲಲ್ಲಿ ಬರೀಲೇಬೇಕು, ಬರ್ದಿದ್ದೀನಿ." ಆಮೇಲೆ ಸೇರಿಸಿದರು: "ನಾವು ಕೇಳೋ ಮುಂಚೆ ನೀವೇ ಹೇಳಿದ್ರಿ ಅಂತಲೂ ಬರ್ದಿದ್ದೀನಿ."

ಅವಳು ಫೋನ್ ಇಡುತ್ತಿದ್ದಂತೆ ಕಿರಿಮಗನ ಕರೆ. "ಅತ್ತಿಗೆ, ಕೆಲ್ಸ ಸಿಕ್ತಾ?"

"ಇನ್ನೂ ಇಲ್ಲ ಮಹರಾಯ. ಸೋಮವಾರ ಬಾ ಅಂದಿದ್ದಾರೆ. ಅಲ್ಲಿವರೆಗೂ ನೀನು ನನಗೆ ಯಾವ ಉಪಕಾರಾನೂ ಮಾಡ್ಬೇಡ" ಎಂದಳು ಸೊಸೆ.