ಹೆಬ್ಬೆರಳಿಗೆ ಹಾಲಿನ ಕೆನೆ

ತಿನ್ನುವ ಪದಾರ್ಥವನ್ನು ಮುಖಕ್ಕೆ ಹಚ್ಚಿಕೊಳ್ಳುವವರನ್ನು ಕಂಡರೆ ಚನ್ನಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಂಥವಳೊಬ್ಬಳು ಅವಳ ಹೊಟ್ಟೆಯಲ್ಲೇ ಹುಟ್ಟಿದ್ದಳು. ಮಗಳು ಸವಿತಾ ಜಾಲಹಳ್ಳಿಯ ಒಂದು ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಕಲಿಯುತ್ತಿದ್ದಳು. ಮಂಗಳವಾರ ಪಾರ್ಲರಿಗೆ ರಜೆ. ಅವತ್ತು ಕಡಲೆಹಿಟ್ಟಿಗೆ ಮೊಸರು ಕಲಸಿ, ಚಿಟಿಕೆ ಅರಿಶಿನ ಹಾಕಿ ಮುಖಕ್ಕೆ ಮೆತ್ತಿಕೊಂಡು, ರಾಜಗೋಪಾಲನಗರದ ಆ ಒಂದೇ ರೂಮಿನ ಬಾಡಿಗೆ ಮನೆಯ ಹೊಸ್ತಿಲ ಮೇಲೆ ಮಹಾರಾಣಿಯ ಹಾಗೆ ಕೂತುಬಿಡುವಳು.

"ಬಜ್ಜಿ ಕರಿಯೋ ಹಿಟ್ಟು ಮಾರಿಗೆ ಬಡಕೊಂಡು ಕುಂತೀಯಲ್ಲಬೇ, ಎಣ್ಣಿ ಕಾಸಲೇನು?" ಎಂದು ಚನ್ನಕ್ಕ ಒಳಗಿನಿಂದಲೇ ಕೂಗುತ್ತಿದ್ದಳು.

ಸವಿತಾ ಮಾತಾಡುತ್ತಿರಲಿಲ್ಲ. ಮಾತಾಡಿದರೆ ಒಣಗಿದ ಹಿಟ್ಟು ಬಿರಿಯುತ್ತದೆ. ಮುಖ ತೊಳೆದ ಮೇಲೆ ಮಾತ್ರ ಹೇಳುವಳು: "ಇದು ನನ್ನ ವಿದ್ಯಾನಬೇ ಯವ್ವಾ. ಎರಡು ತಿಂಗಳು ತಡಿ. ಯಮುನಾ ಮೇಡಂ ನನ್ನೊಬ್ಬಾಕಿ ಕೈಯಾಗ ಗಿರಾಕಿ ಕೊಡ್ತೀನಿ ಅಂದಾರ."

ಯಮುನಾ ಎಂದರೆ ಪಾರ್ಲರಿನ ಒಡತಿ. ಪೆಟ್ಟಿಗೆಗಟ್ಟಲೆ ಕ್ರೀಮು ತರಿಸುವ ಅವಳೇ ಸವಿತಾಳ ಕಡಲೆಹಿಟ್ಟು, ಪಪ್ಪಾಯಿ, ಟೊಮೆಟೊ ವೈದ್ಯಕ್ಕೆ ಮರುಳಾಗಿದ್ದಳು. ಮಗಳ ಬೆರಳು ಮೆತ್ತಗಿವೆ, ಮುಖದ ಮೇಲೆ ಆಡಿದರೆ ನಿದ್ದೆ ಬರುತ್ತದೆ ಎಂದು ಗಿರಾಕಿಗಳೇ ಹೇಳುತ್ತಿದ್ದರಂತೆ. ಬಾಯಲ್ಲಿ ಎಷ್ಟು ಬೈದರೂ ಈ ಮಾತು ಕೇಳಿದ ದಿನ ಚನ್ನಕ್ಕನಿಗೆ ಒಳಗೊಳಗೇ ಹೆಮ್ಮೆಯಾಗಿತ್ತು. ತನ್ನ ಮನೆತನದಲ್ಲಿ ಮೆತ್ತಗಿನ ಕೈಯಿದ್ದ ಹೆಂಗಸನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ.

ಚನ್ನಕ್ಕನ ಕೈ ಹೇಗಿತ್ತೆಂದು ಯಾರೂ ನೋಡಿರಲಿಲ್ಲ, ಅವಳೂ ನೋಡಿಕೊಂಡಿರಲಿಲ್ಲ. ಪೀಣ್ಯದ ಒಂದು ಬೋಲ್ಟು ನಟ್ಟಿನ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷದಿಂದ ಅವಳದು ಹೌಸ್‌ಕೀಪಿಂಗ್ ಕೆಲಸ. ಹೆಸರು ದೊಡ್ಡದು, ಕೆಲಸ ಕಕ್ಕಸು ತೊಳೆಯುವುದು. ಆ್ಯಸಿಡ್ಡು ಸುರಿ, ತಿಕ್ಕು, ನೀರು ಹೊಡಿ. ಆಮೇಲೆ ಎಣ್ಣೆ ಜಿಡ್ಡಿನ ನೆಲಕ್ಕೆ ಸೋಡಾಪುಡಿ ಎರಚಿ ಮತ್ತೆ ತಿಕ್ಕು. ಹಾಗೆ ತಿಕ್ಕಿ ತಿಕ್ಕಿಯೇ ಮಗಳನ್ನು ಪಿಯುಸಿ ಓದಿಸಿದ್ದಳು, ಗಂಡನನ್ನು ಉಳಿಸಿಕೊಂಡಿದ್ದಳು. ಗಂಡ ಭೀಮಪ್ಪ ಇಪ್ಪತ್ತು ವರ್ಷ ಫೌಂಡ್ರಿಯ ಮರಳು ಧೂಳು ಕುಡಿದು ಎದೆ ಹಾಳು ಮಾಡಿಕೊಂಡವನು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಅವನ ಔಷಧಿ, ತಿಂಗಳಿಗೊಮ್ಮೆ ಆಸ್ಪತ್ರೆ, ಎಲ್ಲಾ ನಡೆಯುತ್ತಿದ್ದುದು ಚನ್ನಕ್ಕನ ಇಎಸ್‌ಐ ಕಾರ್ಡಿನ ಮೇಲೆ. ಅವಳ ಕೆಲಸ ಹೋದರೆ ಆ ಕಾರ್ಡೂ ಕೆಲವೇ ತಿಂಗಳ ಮಾತು. ಕಾರ್ಡು ಹೋದರೆ ಭೀಮಪ್ಪನ ಉಸಿರೂ ಅಷ್ಟೇ.

ಹೀಗಿರುವಾಗ ಫ್ಯಾಕ್ಟರಿಗೆ ಹೊಸ ಕಂಟ್ರಾಕ್ಟರ್ ಬಂದ. ಜೊತೆಗೆ ಅಂಜನ್ ಎಂಬ ಸೂಪರ್‌ವೈಸರ್ ಬಂದ, ಗೇಟಿನ ಗೋಡೆಗೆ ಹಾಜರಿ ಹಾಕಲು ಹೆಬ್ಬೆಟ್ಟು ಒತ್ತುವ ಮೆಷಿನ್ ಬಂತು. ಎಲ್ಲರೂ ಸಾಲಾಗಿ ನಿಂತು ಬೆರಳು ಕೊಟ್ಟರು. ಬೆರಳು ಹಿಡಿಸಿದವರಿಗೆ ಮೆಷಿನ್ನೊಳಗಿನ ಹೆಂಗಸು "ಥ್ಯಾಂಕ್ ಯು" ಎನ್ನುತ್ತಿದ್ದಳು. ಚನ್ನಕ್ಕನಿಗೆ ಮಾತ್ರ "ಪ್ಲೀಸ್ ಟ್ರೈ ಅಗೇನ್" ಎಂದಳು. ಹತ್ತು ಬೆರಳಿಗೂ ಅದನ್ನೇ ಅಂದಳು.

"ಅಮ್ಮಾ, ಕೈ ಒರೆಸ್ಕೊಂಡು ಒತ್ತಿ," ಅಂದ ಅಂಜನ್.

ಸೆರಗಿಗೆ ಒರೆಸಿದಳು, ಗೋಡೆಗೆ ಉಜ್ಜಿದಳು, ಬಾಯಿಂದ ಊದಿದಳು. ಆಗಲಿಲ್ಲ. ಗೇಟಿನ ಸೆಕ್ಯುರಿಟಿ ಶ್ಯಾಮಣ್ಣನಿಗೆ ತಡೆಯಲಾಗಲಿಲ್ಲ. "ಹನ್ನೊಂದು ವರ್ಷದಿಂದ ದಿನಾ ನೋಡ್ತಿದೀನಿ ಸಾರ್. ಇವ್ರು ಚನ್ನಕ್ಕನೇ ಸಾರ್."

"ನೀವು ನೋಡಿದ್ರೆ ಆಗಲ್ಲ ಶ್ಯಾಮಣ್ಣ, ಸಿಸ್ಟಮ್ ನೋಡ್ಬೇಕು," ಅಂದ ಅಂಜನ್. ಆಮೇಲೆ ಚನ್ನಕ್ಕನ ಕಡೆ ತಿರುಗಿ, "ಮುಂದಿನ ಸೋಮವಾರದವರೆಗೂ ಬುಕ್ಕಲ್ಲಿ ಸೈನ್ ಹಾಕಿ. ಅಷ್ಟರೊಳಗೆ ಬೆರಳು ಬಿದ್ರೆ ಸರಿ. ಇಲ್ಲಾಂದ್ರೆ ನಂಗೇನೂ ಮಾಡಕ್ಕಾಗಲ್ಲ. ಹೆಸರು ಲಿಸ್ಟಲ್ಲಿ ಬರಲ್ಲ," ಅಂದ. ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು.

ಅವತ್ತು ಸಂಜೆ ಸವಿತಾ ಮೊದಲ ಸಲ ಅವ್ವನ ಕೈಯನ್ನು ಮೊಬೈಲಿನ ಬೆಳಕು ಬಿಟ್ಟು ನೋಡಿದಳು. ಬೆರಳ ತುದಿಯಲ್ಲಿ ಬಿರುಕುಗಳಿದ್ದವು, ಕಪ್ಪು ಗೀಟುಗಳಿದ್ದವು. ಹುಟ್ಟುವಾಗ ಎಲ್ಲರೂ ತರುವ ಸಣ್ಣ ಸುಳಿಗೆರೆಗಳು ಮಾತ್ರ ಅಲ್ಲೊಂದು ಇಲ್ಲೊಂದು ಉಳಿದಿದ್ದವು. ದಿನಾ ಹತ್ತು ಜನರ ಮುಖದ ಕಲೆ ಎಣಿಸುವ ತಾನು ಅವ್ವನ ಕೈ ನೋಡಲಿಲ್ಲವಲ್ಲ ಎಂದು ಸವಿತಾಳಿಗೆ ನಾಚಿಕೆಯಾಯಿತು.

"ಗ್ಲೌಸ್ ಕೊಡಂಗಿಲ್ಲೇನು?"

"ಒಂದ ಜತಿ ಕೊಟ್ಟಿದ್ರು. ಹರೀತು."

"ಯಾವಾಗ?"

"ಸಾಲ್ಯಾಗ ನೀ ಏಳನೇತ್ತಾ ಇದ್ದಿ ನೋಡು, ಆವಾಗ."

ಮರುದಿನವೇ ಸವಿತಾ ಹಾರ್ಡ್‌ವೇರ್ ಅಂಗಡಿಯಿಂದ ದಪ್ಪ ರಬ್ಬರ್ ಗ್ಲೌಸು ತಂದು ಅವ್ವನ ಬ್ಯಾಗಿನಲ್ಲಿ ತುರುಕಿದಳು. ಮನೆಯಲ್ಲಿ ಪಾತ್ರೆ ಮುಟ್ಟಕೂಡದೆಂದು ಅಪ್ಪಣೆ ಮಾಡಿದಳು. ಸಂಜೆಯಾದರೆ ಉಗುರುಬೆಚ್ಚಗಿನ ನೀರಿನಲ್ಲಿ ಅವ್ವನ ಕೈ ಅದ್ದಿಸಿ, ಒರೆಸಿ, ಹಾಲಿನ ಕೆನೆಗೆ ಎರಡು ಹನಿ ಜೇನು ಬೆರೆಸಿ ಒಂದೊಂದೇ ಬೆರಳಿಗೆ ಸವರುವಳು. ಆಮೇಲೆ ಲೋಳೆಸರ. ಮಲಗುವಾಗ ತುಪ್ಪ ಹಚ್ಚಿ ಹಳೆಯ ಪಂಚೆಯ ಚೂರು ಸುತ್ತುವಳು.

ಲೋಳೆಸರ ಕೊಟ್ಟದ್ದು ಮನೆಯ ಓನರ್ ಭಾಗ್ಯಮ್ಮ. ತಾರಸಿಯ ಮೇಲಿನ ಕುಂಡದಿಂದ ಎರಡು ಎಸಳು ಮುರಿದುಕೊಡುತ್ತ, "ಅಲ್ಲಾ ಕಣೆ ಚನ್ನಕ್ಕ, ಈ ವಯಸ್ನಾಗೆ ಇಂಗೆ ಸಿಂಗಾರ ಮಾಡ್ಕಂಡು ಯಾರ್‌ಗೆ ತೋರುಸ್ಬೇಕು?" ಎಂದು ನಕ್ಕಳು.

"ಮೆಷಿನ್ನಿಗೆ ರೀ ಯಕ್ಕಾ," ಅಂದಳು ಚನ್ನಕ್ಕ.

ಕೆನೆಯಾಗುತ್ತಿದ್ದುದು ಭೀಮಪ್ಪನಿಗೆಂದು ತರುತ್ತಿದ್ದ ಅರ್ಧ ಲೀಟರು ಹಾಲಿನಲ್ಲಿ. ಅವನು ಕರಿ ಚಹಾ ಕುಡಿದು, "ಇರ್ಲಿ ಬಿಡು, ಅಕಿ ಬೆರಳು ಕುಡೀಲಿ," ಎಂದ. ಏದುತ್ತ ಏದುತ್ತಲೇ ಎರಡು ಲೋಟ, ಒಂದು ತಟ್ಟೆ ತೊಳೆದಿಟ್ಟ. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಅವನು ಲೋಟ ತೊಳೆದದ್ದು ಅದೇ ಮೊದಲು.

ಚನ್ನಕ್ಕನಿಗೆ ಆ ವಾರ ಸುಖವೆನ್ನಿಸಿತು. ಕೆಲಸ ಹೋಗುವ ಭಯದ ನಡುವೆ ಸುಖವೇನು ಬಂತು ಎಂದು ತನ್ನನ್ನೇ ಬೈದುಕೊಂಡಳು, ಆದರೂ ಸುಖವೆನ್ನಿಸಿತು. ಅವಳ ಕೈಯನ್ನು ಯಾರಾದರೂ ಹೀಗೆ ತೊಡೆಯ ಮೇಲಿಟ್ಟುಕೊಂಡು ಕೂತದ್ದು ಮದುವೆಯಲ್ಲಿ ಬಳೆ ತೊಡಿಸಿದವಳನ್ನು ಬಿಟ್ಟರೆ ಇವಳೇ. ಮಗಳ ಬೆರಳು ತನ್ನ ಬೆರಳ ಮೇಲೆ ಸುತ್ತುವಾಗ ಕಣ್ಣು ತೂಕಡಿಸುತ್ತಿದ್ದವು. ಜಾಲಹಳ್ಳಿಯ ಹೆಂಗಸರು ಸುಳ್ಳು ಹೇಳಿರಲಿಲ್ಲ.

ಶನಿವಾರ ಸವಿತಾ ಅವ್ವನನ್ನು ಸೋಮಪ್ಪನ ಆನ್‌ಲೈನ್ ಸೆಂಟರಿಗೆ ಕರೆದೊಯ್ದಳು. ಆಧಾರ್ ಕೆಲಸಕ್ಕೆಂದು ಅವನ ಬಳಿಯೂ ಅಂಥದೇ ಬೆರಳು ಮೆಷಿನ್ ಇತ್ತು. ಮೊದಲ ಸಲ ಕೆಂಪು. ಎರಡನೇ ಸಲ ಕೆಂಪು. ಮೂರನೇ ಸಲ ಸವಿತಾ ತಾನೇ ಅವ್ವನ ಬಲಗೈ ಹೆಬ್ಬೆರಳು ಹಿಡಿದು ಮೆಲ್ಲಗೆ ಇಟ್ಟಳು. ಹಸಿರು ದೀಪ ಹತ್ತಿತು.

"ಬಂತ್ ನೋಡ್ರಿ!" ಅಂದ ಸೋಮಪ್ಪ. ಆಮೇಲೆ ಕಂಪ್ಯೂಟರಿನೊಳಗೆ ಬಗ್ಗಿ ನೋಡಿ, "ಸ್ವಲ್ಪ ಮಸಕ ಐತಿ. ಆದ್ರೂ ಬಂದೈತಿ," ಅಂದ.

ಸವಿತಾ ಅವ್ವನನ್ನು ರಸ್ತೆಯಲ್ಲೇ ತಬ್ಬಿಕೊಂಡಳು. ಬರುವಾಗ ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ ಕಟ್ಟಿಸಿದಳು. ಇನ್ನೆರಡು ದಿನ ಹೀಗೇ ಕೆನೆ ಹಚ್ಚಿದರೆ ಸಾಕು, ಮತ್ತೇನೂ ಮಾಡಬೇಡ ಎಂದು ಮೂರು ಸಲ ಹೇಳಿದಳು. ಚನ್ನಕ್ಕ ತಲೆಯಾಡಿಸಿದಳು. ಆದರೆ ಅವಳ ತಲೆಯಲ್ಲಿ ನಿಂತದ್ದು ಹಸಿರು ದೀಪವಲ್ಲ, ಸೋಮಪ್ಪನ ಮಸಕು.

ಭಾನುವಾರ ಪಾರ್ಲರಿನಲ್ಲಿ ಗಿರಾಕಿ ಹೆಚ್ಚು. ಸವಿತಾ ಬೆಳಿಗ್ಗೆಯೇ ಹೋದಳು. ಭೀಮಪ್ಪ ಗುಳಿಗೆ ನುಂಗಿ ಮಲಗಿದ್ದ. ವಾರವಿಡೀ ಮನೆಯಲ್ಲಿ ಪಾತ್ರೆ ಮುಟ್ಟದೆ ಬೇಸತ್ತ ಚನ್ನಕ್ಕನ ಕಣ್ಣು ಮೂಲೆಯ ಹಿತ್ತಾಳೆ ತಂಬಿಗೆಯ ಮೇಲೆ ಬಿತ್ತು. ತವರಿನವರು ಮದುವೆಗೆ ಕೊಟ್ಟದ್ದು. ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಅವಳ ಹೆಸರು ಹೊಡೆಸಿದ್ದರು. ಕಿಲುಬು ಹಿಡಿದು ಹೆಸರು ಮುಚ್ಚಿಹೋಗಿತ್ತು. ಇದೊಂದು ತಂಬಿಗೆ ತಾನೇ, ಗ್ಲೌಸು ಹಾಕಿಕೊಂಡರಾಯಿತು ಎಂದು ಹುಣಸೆಹಣ್ಣು, ಉಪ್ಪು, ತೆಂಗಿನ ನಾರು ತೆಗೆದುಕೊಂಡು ತಿಕ್ಕಿದಳು. ತಿಕ್ಕಿದಂತೆ ಚುಕ್ಕೆಗಳು ಒಂದೊಂದಾಗಿ ಎದ್ದವು. ನೀರು ಹಾಕಿದಾಗ 'ಚನ್ನಕ್ಕ' ಎಂದು ಸ್ಪಷ್ಟವಾಗಿ ಕಂಡಿತು.

ಅವಳು ತಂಬಿಗೆ ನೋಡಿದಳು, ಗ್ಲೌಸು ಬಿಚ್ಚಿ ಬೆರಳು ನೋಡಿದಳು. ಕೆನೆ, ಜೇನು, ಲೋಳೆಸರ ಎಲ್ಲಾ ಹುಡುಗರ ಆಟವೆನ್ನಿಸಿತು. ಮಸಕಾದ ಹೆಸರನ್ನು ಎಬ್ಬಿಸುವುದು ಹೇಗೆಂದು ಅವಳಿಗೆ ಯಾವ ಪಾರ್ಲರೂ ಹೇಳಿಕೊಡಬೇಕಾಗಿರಲಿಲ್ಲ. ಹುಟ್ಟಿದಾಗಿನಿಂದ ಅವಳು ಮಾಡಿದ್ದು ತಿಕ್ಕುವುದೊಂದನ್ನೇ. ಹುಣಸೆಹಣ್ಣೂ ಅಡುಗೆಮನೆಯದೇ ವೈದ್ಯವಲ್ಲವೇ?

ಬಲಗೈ ಹೆಬ್ಬೆರಳಿನಿಂದ ಶುರುಮಾಡಿದಳು. ಹುಣಸೆಹಣ್ಣು ಮೆತ್ತಿ, ಉಪ್ಪು ಒತ್ತಿ, ನಾರಿನಿಂದ ತಿಕ್ಕಿದಳು. ಉರಿಯಿತು. ಉರಿದದ್ದು ಅವಳಿಗೆ ಒಳ್ಳೆಯದೇ ಅನ್ನಿಸಿತು, ಏಕೆಂದರೆ ಉರಿಯದೆ ಸ್ವಚ್ಛವಾದದ್ದನ್ನು ಅವಳು ಯಾವತ್ತೂ ಕಂಡಿರಲಿಲ್ಲ. ವಾರವಿಡೀ ತುಪ್ಪ ಕುಡಿದು ನೆನೆದಿದ್ದ ಚರ್ಮ ಪೊರೆಪೊರೆಯಾಗಿ ಎದ್ದು ಬಂತು. ಹತ್ತು ಬೆರಳೂ ಮುಗಿದಾಗ ಕಪ್ಪು ಗೀಟೆಲ್ಲ ಹೋಗಿ, ಕೆಂಪಗೆ, ನುಣ್ಣಗೆ, ತಂಬಿಗೆಯ ಹಾಗೇ ಹೊಳೆಯುತ್ತಿದ್ದವು. ತೃಪ್ತಿಯಿಂದ ತಾನೇ ತುಪ್ಪ ಸವರಿ ಬಟ್ಟೆ ಸುತ್ತಿಕೊಂಡಳು. ಸಂಜೆ ಮಗಳು ಕೈ ಕೇಳಿದರೆ, "ಹಚ್ಚಕೊಂಡೀನಿ ಬಿಡಬೇ, ನೀ ದಣದೀ," ಎಂದು ಸೆರಗಿನೊಳಗೆ ಮುಚ್ಚಿಕೊಂಡಳು.

ಸೋಮವಾರ ಸವಿತಾ ಪಾರ್ಲರಿಗೆ ಒಂದು ಗಂಟೆ ತಡವಾಗಿ ಬರುವೆನೆಂದು ಹೇಳಿ ಅವ್ವನ ಜೊತೆ ಗೇಟಿನವರೆಗೂ ಬಂದಳು. ತನ್ನ ವೈದ್ಯ ಗೆಲ್ಲುವುದನ್ನು ಕಣ್ಣಾರೆ ನೋಡುವ ಆಸೆ. ಚನ್ನಕ್ಕ ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಕೈ ಒರೆಸಿ, ಹೆಬ್ಬೆರಳಿಟ್ಟಳು.

"ಪ್ಲೀಸ್ ಟ್ರೈ ಅಗೇನ್."

ತೋರುಬೆರಳು. ಎಡಗೈ. ಮತ್ತೆ ಬಲಗೈ. ಹತ್ತೂ ಮುಗಿದವು. ಸವಿತಾ ಅವ್ವನ ಕೈ ಕಿತ್ತುಕೊಂಡು ಬಿಸಿಲಿಗೆ ಹಿಡಿದಳು. ಮಗುವಿನ ಕೆನ್ನೆಯಷ್ಟು ನುಣುಪಾಗಿತ್ತು. ಒಂದು ಗೆರೆ ಇರಲಿಲ್ಲ.

"ಏನ್ ಮಾಡಿದಿಬೇ ಯವ್ವಾ?"

"ತಿಕ್ಕಿದೆ," ಅಂದಳು ಚನ್ನಕ್ಕ. "ಹುಣಸಿಹಣ್ಣು ಹಚ್ಚಿ ತಿಕ್ಕಿದೆ. ಚಂದಾಗಿ ಕಾಣಲಿ ಅಂತ."

ಸವಿತಾ ಬಟ್ಟೆಯ ಚೂರನ್ನು ಅವ್ವನ ಬೆರಳಿಗೆ ಮತ್ತೆ ಸುತ್ತಿದಳು. ಬೈದಿದ್ದರೆ ಚೆನ್ನಾಗಿತ್ತು. ಶ್ಯಾಮಣ್ಣ ಮುಖ ಆಚೆ ತಿರುಗಿಸಿಕೊಂಡ. ಅಂಜನ್ ಗಡಿಯಾರ ನೋಡಿದ.

"ಅಮ್ಮಾ, ಹತ್ತು ಗಂಟೆಗೆ ನಾನು ಲಿಸ್ಟ್ ಕಳಿಸ್ಬೇಕು. ನಿಮ್ಮ ಜಾಗ ಖಾಲಿ ಬಿಡಕ್ಕಾಗಲ್ಲ," ಎಂದು ತಲೆ ಕೆರೆದುಕೊಂಡ. ಆಮೇಲೆ ಸವಿತಾಳ ಕಡೆ ನೋಡಿ, "ಮನೇಲಿ ಬೇರೆ ಯಾರಾದ್ರೂ ಬರೋಹಾಗಿದ್ರೆ ಈಗ್ಲೇ ಹೇಳಿ. ಇಎಸ್‌ಐ ಎಲ್ಲಾ ಸೇಮ್. ಅಪ್ಪ ಅಮ್ಮನ ಹೆಸರೂ ಸೇರಿಸ್ಬೋದು," ಎಂದ. ಉಪಕಾರ ಮಾಡುತ್ತಿದ್ದೇನೆಂದೇ ಅವನು ತಿಳಿದಿದ್ದ.

ಚನ್ನಕ್ಕನಿಗೆ ಅರ್ಥವಾಗುವಷ್ಟರಲ್ಲಿ ಸವಿತಾ ಮೆಷಿನ್ ಹತ್ತಿರ ಹೋಗಿದ್ದಳು. "ಬ್ಯಾಡಬೇ, ಸವಿ, ಬ್ಯಾಡ," ಎಂದು ಚನ್ನಕ್ಕ ಅವಳ ತೋಳು ಹಿಡಿದೆಳೆದಳು. ಸವಿತಾ ಮೆಲ್ಲಗೆ ಬಿಡಿಸಿಕೊಂಡು, "ಕಾರ್ಡ್ ಹೋದ್ರ ಅಪ್ಪನ ಗುಳಗಿ ಎಲ್ಲಿಂದ ತರೂದು?," ಅಂದಳು. ಕೆನೆ, ಜೇನು, ಕಡಲೆಹಿಟ್ಟು ಉಂಡು ಬೆಳೆದ ಹೆಬ್ಬೆರಳನ್ನು ಗಾಜಿನ ಮೇಲಿಟ್ಟಳು.

"ಥ್ಯಾಂಕ್ ಯು," ಅಂದಳು ಮೆಷಿನ್ನೊಳಗಿನ ಹೆಂಗಸು, ಒಂದೇ ಸಲಕ್ಕೆ.

ಸವಿತಾ ಒಳಗೆ ಹೋದಳು. ಅವ್ವನ ಬ್ಯಾಗಿನಲ್ಲಿದ್ದ ಗ್ಲೌಸನ್ನು ತೆಗೆದುಕೊಂಡೇ ಹೋದಳು. ಚನ್ನಕ್ಕನೂ ಅಭ್ಯಾಸಬಲದಿಂದ ಎರಡು ಹೆಜ್ಜೆ ಹಿಂದೆ ಹೋದಳು. "ಅಕ್ಕಾ," ಎಂದು ಶ್ಯಾಮಣ್ಣ ಅಡ್ಡ ನಿಂತ. ತನ್ನ ಕುರ್ಚಿ ತೋರಿಸಿದ. ಹನ್ನೊಂದು ವರ್ಷದಲ್ಲಿ ಆ ಗೇಟಿನಲ್ಲಿ ಅವಳಿಗೆ ಕೂರಲು ಹೇಳಿದ್ದು ಅದೇ ಮೊದಲ ಸಲ.

ಅದಾಗಿ ಐದು ತಿಂಗಳಾಯಿತು. ಯಮುನಾ ಮೇಡಂ ಎರಡು ಸಲ ಫೋನು ಮಾಡಿ ಸುಮ್ಮನಾದರು. ಮಂಗಳವಾರ ಹೊಸ್ತಿಲ ಮೇಲೆ ಯಾರೂ ಕೂರುವುದಿಲ್ಲ. ಡಬ್ಬಿಯ ಕಡಲೆಹಿಟ್ಟಿಗೆ ಹುಳ ಬಿದ್ದು ಚನ್ನಕ್ಕನೇ ಚೆಲ್ಲಿದಳು. ಭೀಮಪ್ಪ ಉಸಿರಾಡಿಕೊಂಡಿದ್ದಾನೆ, ಕರಿ ಚಹಾ ಕುಡಿಯುತ್ತಾನೆ.

ಸಂಜೆ ಸವಿತಾ ಆ್ಯಸಿಡ್ ವಾಸನೆ ಹೊತ್ತು ಬರುತ್ತಾಳೆ. ಚನ್ನಕ್ಕ ಬಿಸಿನೀರು, ಕೆನೆ, ಜೇನು ಸಿದ್ಧ ಮಾಡಿಟ್ಟುಕೊಂಡು ಕಾದಿರುತ್ತಾಳೆ. ಮಗಳ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಮೊದಲು ಹೆಬ್ಬೆರಳಿಗೆ ಹಚ್ಚುತ್ತಾಳೆ. ಹಚ್ಚುವ ಮುಂಚೆ ಬಲ್ಬಿನ ಬೆಳಕಿಗೆ ಹಿಡಿದು ಗೆರೆಗಳಿವೆಯೇ ಎಂದು ನೋಡುತ್ತಾಳೆ. ನಿನ್ನೆ ಅಲ್ಲೊಂದು ಸಣ್ಣ ಬಿರುಕು ಕಂಡಿತು. ಅದರ ಮೇಲೆ ಅವಳ ಬೆರಳು ಗಟ್ಟಿಯಾಗಿ ಆಡಿರಬೇಕು.

"ತಿಕ್ಕಬ್ಯಾಡಬೇ ಯವ್ವಾ," ಅಂದಳು ಸವಿತಾ, ಕಣ್ಣು ಮುಚ್ಚಿಕೊಂಡೇ. "ಮೆಲ್ಲಕ ಹಚ್ಚು. ಗ್ಲೌಸ್ ಹರದಾವು."