ಜಿ.ಎಫ್. ಅಂಟಿಸಿದ ಕೇಕು

ನಮ್ಮ ವಿಮೆರಾ ಸೀಮೆಯಲ್ಲಿ ಎತ್ತ ನೋಡಿದರೂ ಗೋಧಿ. ಅಂಥ ಕಡೆ ಹುಟ್ಟಿಯೂ ಐಲ್ಸಾಳಿಗೆ ಗೋಧಿ ಆಗುವುದಿಲ್ಲ. ಒಂದು ಚೂರು ತಿಂದರೂ ಹೊಟ್ಟೆ ಹಿಡಿದುಕೊಂಡು ಮಲಗುತ್ತಾಳೆ. ಫುಟ್‌ಬಾಲ್ ಕ್ಲಬ್ಬಿನ ಅಡುಗೆಮನೆಯಲ್ಲಿ ನನ್ನ ಜೊತೆ ಊರಿಗೆಲ್ಲ ಬಡಿಸಿ, ತಾನು ಬರೀ ಕಪ್ಪು ಚಹಾ ಕುಡಿದು ಮನೆಗೆ ಹೋಗುತ್ತಿದ್ದಳು. ಮದುವೆಯ ಗೊಡವೆಗೇ ಹೋಗದವಳು, ಮನೆಯಲ್ಲೂ ಕೇಳುವವರಿಲ್ಲ. ಇದನ್ನು ಗಮನಿಸಿದವನು ನೆವಿಲ್ ಒಬ್ಬನೇ.

ನೆವಿಲ್ ಗೋಧಿ ಬೆಳೆಯುವವನು. ಹೆಂಡತಿ ತೀರಿಕೊಂಡ ಮೇಲೆ ಮಾತೇ ಮರೆತಂತಿದ್ದ. ಗ್ರ್ಯಾಂಡ್ ಫೈನಲ್ ದಿನ ಪಂದ್ಯ ಮುಗಿಯುವ ಹೊತ್ತಿಗೆ ತಾನೇ ಮಾಡಿದ ಬಾದಾಮಿ ಕೇಕು ಹಿಡಿದು ಬಂದ. ಮೇಲೊಂದು ಚೀಟಿ: ಜಿ.ಎಫ್.

"ಏನಪ್ಪಾ ಇದು, ಗರ್ಲ್‌ಫ್ರೆಂಡ್‌ಗಾ?" ಎಂದೆ.

ಕಿವಿಯವರೆಗೂ ಕೆಂಪಾದ. "ಗ್ಲುಟನ್ ಫ್ರೀ ಕಣೇ ಮೇವಿಸ್, ಗೋಧಿ ಹಾಕಿಲ್ಲ! ಐಲ್ಸಾಗೆ ಕೊಡು. ನಾನು ತಂದಿದ್ದು ಅಂತ ಮಾತ್ರ ಹೇಳ್ಬೇಡ."

"ಆಯ್ತು ಮಾರಾಯಾ, ಆಕಾಶದಿಂದ ಬಿತ್ತು ಅಂತೀನಿ."

ಕೇಕನ್ನು ಮೇಜಿನ ಮೇಲಿಟ್ಟು ನಾನು ಪೈ ಬಿಸಿಮಾಡಲು ಹೋದೆ. ಅಷ್ಟರಲ್ಲಿ ಪಂದ್ಯ ಗೆದ್ದ ಹುಡುಗರು ಕೆಸರುಗಾಲಿನಲ್ಲೇ ನುಗ್ಗಿದರು. ತಿರುಗಿ ನೋಡಿದರೆ ತಟ್ಟೆ ಖಾಲಿ.

"ಲೋ, ಅದನ್ಯಾಕ್ರೋ ತಿಂದ್ರಿ?"

ಕ್ಯಾಪ್ಟನ್ ಬಾಯ್ತುಂಬ ಕೇಕು ಇಟ್ಟುಕೊಂಡೇ ಚೀಟಿ ತೋರಿಸಿದ. "ಜಿ.ಎಫ್. ಅಂತ ಬರ್ದಿದ್ಯಲ್ಲ ಆಂಟಿ! ಗ್ರ್ಯಾಂಡ್ ಫೈನಲ್! ನಮಗೇ ಅಂದ್ಕೊಂಡ್ವಿ."

ಬಾಗಿಲಲ್ಲಿ ನೆವಿಲ್ ನಿಂತಿದ್ದ. ಖಾಲಿ ತಟ್ಟೆ ನೋಡಿ ಅವನ ಮುಖ ಬಾಡಿತು. ಟೋಪಿ ಹಾಕಿಕೊಂಡು ಹೊರಟೇಹೋದ.

"ಅವ್ನಿಗ್ಯಾಕೆ ಅಷ್ಟು ಬೇಜಾರು?" ಎಂದಳು, ಆಗಷ್ಟೇ ಹೊರಗೆ ಚಹಾ ಕೊಟ್ಟು ಮರಳಿದ ಐಲ್ಸಾ.

ನನ್ನ ಬಾಯಲ್ಲಿ ಗುಟ್ಟು ನಿಂತದ್ದುಂಟೇ? ಗರ್ಲ್‌ಫ್ರೆಂಡ್ ತಮಾಷೆಯನ್ನೂ ಬಿಡದೆ ಎಲ್ಲ ಹೇಳಿಬಿಟ್ಟೆ. ಅವಳು ತಟ್ಟೆಯಲ್ಲಿ ಉಳಿದ ಪುಡಿಯನ್ನು ಬೆರಳಿಗೆ ಅಂಟಿಸಿಕೊಂಡು ತಿಂದಳು.

ಮುಂದಿನ ಶನಿವಾರ ಕ್ಲಬ್ಬಿನಲ್ಲಿ ಗೆಲುವಿನ ಊಟ. ನೆವಿಲ್ ಬರುವುದಿಲ್ಲ ಎಂದುಕೊಂಡಿದ್ದೆ. ಬಂದ, ಇನ್ನೊಂದು ಕೇಕಿನ ಜೊತೆ. ಈ ಸಲ ಯಾರಿಗೂ ಅನುಮಾನ ಬಾರದಂತೆ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದ: ಐಲ್ಸಾ.

ಅನುಮಾನ ಹೋಯಿತು, ಮಾನವೂ ಹೋಯಿತು! ಹುಡುಗರು ಶಿಳ್ಳೆ ಹೊಡೆದರು. ನೆವಿಲ್ ನೆಲ ನೋಡುತ್ತ ಕುಳಿತ. ಐಲ್ಸಾ ಸಿಟ್ಟಾಗಿ ಎದ್ದು ಹೋದರೆ ಈ ಮನುಷ್ಯ ಮತ್ತೆ ಮನೆಯಿಂದ ಹೊರಗೆ ಬರುವುದಿಲ್ಲ ಎಂದು ನನಗೆ ಭಯವಾಯಿತು.

ಐಲ್ಸಾ ಎದ್ದಳು. ನನ್ನ ಏಪ್ರನ್ ಜೇಬಿನಿಂದ ಪೆನ್ನು ಕಿತ್ತುಕೊಂಡು ತನ್ನ ಹೆಸರಿನ ಕೆಳಗೆ ಬರೆದಳು: ಜಿ.ಎಫ್.

"ಫೈನಲ್ ಮುಗೀತಲ್ಲೇ!" ಎಂದೆ.

"ಗೊತ್ತು ಕಣೇ. ಮಿಕ್ಕ ಎರಡರ್ಥಾನೂ ಇರ್ಲಿ ಅಂತ ಬರ್ದೆ," ಎಂದು ಐಲ್ಸಾ ದೊಡ್ಡದೊಂದು ತುಂಡು ಕತ್ತರಿಸಿಕೊಂಡು ನೆವಿಲ್‌ನ ಪಕ್ಕದಲ್ಲಿ ಹೋಗಿ ಕುಳಿತಳು.