ಅಣಬೆ ಬೆರೆಸಿದ ಕಾಫಿ

ನನ್ನ ಹೆಂಡತಿ ಪುಟ್ಟಲಿಂಗಮ್ಮ ಲಿಂಗಕ್ಕೆ ತೋರಿಸದೆ ಒಂದು ಗುಟುಕು ನೀರನ್ನೂ ಕುಡಿದವಳಲ್ಲ. ಕಾಫಿಯೂ ಹಾಗೆಯೇ. ನಾನು ಲೋಟ ತಂದು ಕೊಟ್ಟರೆ, ಕೊರಳಿನ ಲಿಂಗವನ್ನು ಎಡಗೈಯಲ್ಲಿ ಹಿಡಿದು, ಲೋಟವನ್ನು ಅದರ ಮುಂದೆ ಒಂದು ಗಳಿಗೆ ನಿಲ್ಲಿಸಿ, ಕಣ್ಣು ಮುಚ್ಚಿ, ಆಮೇಲೆ ತುಟಿಗೆ ಇಡುವಳು. ಮೂರು ತಿಂಗಳ ಕಾಲ, ದಿನಕ್ಕೆ ನಾಲ್ಕು ಸಲ, ಆ ಗಳಿಗೆಯಲ್ಲಿ ನಾನು ಬೇರೆ ಕಡೆ ನೋಡುತ್ತಿದ್ದೆ.

ನಮ್ಮ ಮನೆ ಗೂಡಲೂರಿನಿಂದ ದೇವಾಲಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ಇದೆ. ನನ್ನ ತಂದೆ ತೆರಕಣಾಂಬಿಯ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದರು. ಇರುವುದು ಹೆಚ್ಚಾಗಿ ಟೀ ತೋಟ. ಮನೆಯ ಹಿಂದೆ ಮಾತ್ರ ಒಂದಷ್ಟು ಕಾಫಿ ಗಿಡಗಳಿವೆ. ಮಗ ಮಹದೇವಸ್ವಾಮಿ, ಸೊಸೆ ಪ್ರೇಮಲತಾ ಇಬ್ಬರೂ ಟೀ ಕುಡಿಯುವವರು. ಕಾಫಿ ನಮ್ಮಿಬ್ಬರದು. ಹಣ್ಣು ಒಣಗಿಸುವುದು, ಬೀಜ ಹುರಿಯುವುದು, ಪುಡಿ ಮಾಡುವುದು, ಬೆಳಿಗ್ಗೆ ಅವಳು ಪೂಜೆ ಮುಗಿಸಿ ಏಳುವ ಹೊತ್ತಿಗೆ ಬೆಲ್ಲ ಹಾಕಿ ಕಾಫಿ ಇಳಿಸುವುದು, ಇದೆಲ್ಲ ನನ್ನ ಕೆಲಸ. ಅಡಿಗೆಮನೆಯಲ್ಲಿ ಅವಳು ನನಗೆ ನಂಬಿ ಬಿಟ್ಟುಕೊಟ್ಟಿದ್ದು ಅದೊಂದೇ.

ಕಳೆದ ಆಷಾಢದಲ್ಲಿ ಅವಳಿಗೆ ಎದೆ ಬಡಿತ ಹೆಚ್ಚಾಯಿತು. ನಿದ್ದೆ ಹೋಯಿತು. ಗೂಡಲೂರಿನ ಡಾಕ್ಟರು ಮಾತ್ರೆ ಬರೆದುಕೊಟ್ಟು, ಕಾಫಿಯನ್ನು ಅರ್ಧಕ್ಕೆ ಇಳಿಸಿರೆಂದರು. ಅವಳು ತಲೆಯಾಡಿಸಿ ಬಂದು, ಮನೆಯ ಮೆಟ್ಟಿಲು ಹತ್ತುವಾಗಲೇ, "ಒಂದು ಲೋಟ ಕಾಫಿ ಮಾಡಿ ಕಣ್ರೀ, ಬಸ್ಸಿನಲ್ಲಿ ತಲೆ ಸುತ್ತಿತು" ಎಂದಳು.

ನಾನು ಪುಡಿ ಕಡಿಮೆ ಹಾಕಿದೆ. ಲೋಟ ಹಿಂದಕ್ಕೆ ಬಂತು. "ಇದೇನು, ಪಾತ್ರೆ ತೊಳೆದ ನೀರೋ?" ಚಿಕೋರಿ ಬೆರೆಸಿದೆ. ಒಂದೇ ಗುಟುಕಿಗೆ ಕಂಡುಹಿಡಿದಳು. "ಅಂಗಡಿ ಪುಡಿ ತಂದು ನನ್ನ ಗಿಡಕ್ಕೆ ಅವಮಾನ ಮಾಡಬೇಡಿ."

ನಮ್ಮ ಪಕ್ಕದ ತೋಟದ ಭುವನಾ ಶೆಡ್ಡು ಕಟ್ಟಿ, ಹುಲ್ಲು ತುಂಬಿದ ಚೀಲಗಳಲ್ಲಿ ಅಣಬೆ ಬೆಳೆಯುತ್ತಾಳೆ. ತಮಿಳಿನವಳಾದರೂ ನಮ್ಮ ಜೊತೆ ಕನ್ನಡದಲ್ಲೇ ಮಾತಾಡುತ್ತಾಳೆ. ನನ್ನ ಕಷ್ಟ ಕೇಳಿ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾರೋ ಹೆಂಗಸು ಒಣಗಿದ ಅಣಬೆಯನ್ನು ಪುಡಿ ಮಾಡಿ ಕಾಫಿಗೆ ಬೆರೆಸುತ್ತಿದ್ದಳು. ಬಣ್ಣ ಕಪ್ಪು, ನೊರೆಯೂ ಇತ್ತು. ಅಷ್ಟರ ಮಟ್ಟಿಗೆ ಕಾಫಿ ಕಡಿಮೆ.

"ಆದರೆ ನಿಮ್ಮ ಮನೇಲಿ ಇದನ್ನ ಮುಟ್ಟೋದೇ ಇಲ್ವಲ್ಲ ಅಯ್ಯಾ" ಎಂದಳು ಭುವನಾ. "ಪಾಟಿಗೆ ಗೊತ್ತಾದ್ರೆ ನಿಮ್ಮನ್ನೇ ಹುರಿದು ಪುಡಿ ಮಾಡ್ತಾರೆ."

ಪಾಟಿ ಅಂದರೆ ಅಜ್ಜಿ, ಪುಟ್ಟಲಿಂಗಮ್ಮನನ್ನು ಭುವನಾ ಹಾಗೇ ಕರೆಯುವುದು. ನಗೆಯಾಡಿದರೂ ಅವಳ ಮಾತು ನಿಜವೇ. ಪುಟ್ಟಲಿಂಗಮ್ಮನ ತೌರಿನಲ್ಲಿ ಅಣಬೆಯೂ ಮಾಂಸವೂ ಒಂದೇ. "ಕೊಳೆತದ್ದರ ಮೇಲೆ ಹುಟ್ಟಿದ್ದನ್ನು ಲಿಂಗಕ್ಕೆ ತೋರಿಸುವುದೇ?" ಎನ್ನುವಳು. ಭುವನಾ ಹೊಸದಾಗಿ ಶೆಡ್ಡು ಹಾಕಿದಾಗ ಗಾಳಿ ಈ ಕಡೆ ಬೀಸಿದರೆ ಕಿಟಕಿ ಮುಚ್ಚುತ್ತಿದ್ದಳು. ಇದೆಲ್ಲ ತಿಳಿದೂ ನಾನು ಒಂದು ಚೀಲ ಚಿಪ್ಪು ಅಣಬೆ ತಂದೆ.

ಮಳೆಗಾಲವಾದ್ದರಿಂದ ಬಿಸಿಲಿರಲಿಲ್ಲ. ಬಚ್ಚಲ ಒಲೆಯ ಮೇಲೆ ಮೊರ ಕಟ್ಟಿ, ಅಣಬೆಯನ್ನು ಎಳೆ ಎಳೆಯಾಗಿ ಸೀಳಿ ಹರಡಿದೆ. ಬಚ್ಚಲಿಗೆ ಬೆಂಕಿ ಹಾಕುವವನೂ ನಾನೇ ಆದ್ದರಿಂದ ಯಾರೂ ಮೇಲೆ ನೋಡಲಿಲ್ಲ. ನಾಲ್ಕು ದಿನಕ್ಕೆ ಮುರಿದರೆ ಚಟ್ಟೆನ್ನುವಂತಾಯಿತು. ಅವಳು ಗುರುವಾರ ಮಠಕ್ಕೆ ಹೋದಾಗ ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಹುರಿದೆ. ತರಗೆಲೆಯ ಬಣ್ಣ ಬಂದ ಮೇಲೆ ಮಿಕ್ಸಿಗೆ ಹಾಕಿ, ಬಟ್ಟೆಯಲ್ಲಿ ಜರಡಿ ಹಿಡಿದು, ಎರಡು ಚಮಚ ಕಾಫಿಗೆ ಎರಡು ಚಮಚದಂತೆ ಬೆರೆಸಿದೆ. ಫಿಲ್ಟರಿಗೆ ಹಾಕಿದರೆ ತೂತು ಕಟ್ಟಿಕೊಳ್ಳುತ್ತಿತ್ತು. ಆದ್ದರಿಂದ ಪಾತ್ರೆಯಲ್ಲೇ ಚೆನ್ನಾಗಿ ಕುದಿಸಿ, ಬೆಲ್ಲ ಹಾಕಿ, ವಾಸನೆ ತಿಳಿಯದಿರಲೆಂದು ಒಂದು ಚಿಟಿಕೆ ಒಣಶುಂಠಿಯನ್ನೂ ಸೇರಿಸಿ ಸೋಸಿದೆ. ಬೆರೆಸಿದ ಪುಡಿಯನ್ನು ಹಳೆಯ ಬಿಸ್ಕತ್ತಿನ ಡಬ್ಬಿಗೆ ತುಂಬಿ, ಹುಣಸೆಹಣ್ಣಿನ ಭರಣಿಯ ಹಿಂದೆ ಇಟ್ಟೆ. ಬರೀ ಕಾಫಿಪುಡಿಯ ಹಿತ್ತಾಳೆ ಡಬ್ಬಿ ಅದರ ಜಾಗದಲ್ಲೇ ಇತ್ತು.

ಮೊದಲ ದಿನ ಲಿಂಗಕ್ಕೆ ತೋರಿಸಿ ಕುಡಿದವಳು ಲೋಟದೊಳಗೆ ನೋಡಿದಳು.

"ಏನ್ರೀ, ಈ ಪುಡಿ ಹೊಸ ಮಳೆ ಬಿದ್ದ ಮಣ್ಣಿನ ಹಾಗೆ ಘಮ್ಮಂತದೆ."

"ಗಿಡಕ್ಕೆ ಹೋದ ವರ್ಷ ಗೊಬ್ಬರ ಜಾಸ್ತಿ ಹಾಕಿದ್ದೆ" ಎಂದೆ.

"ನಿಮ್ಮ ಕೈಗೂ ಈಗ ರುಚಿ ಬಂತು ಅನ್ನಿ. ಐವತ್ತು ವರ್ಷ ಬೇಕಾಯ್ತು."

ಹತ್ತು ದಿನದಲ್ಲಿ ಅವಳಿಗೆ ನಿದ್ದೆ ಬರತೊಡಗಿತು. ಈಗ ಹೇಳಿಬಿಡಬಹುದು ಎಂದುಕೊಂಡೆ. ಹೇಳಿದರೆ ಕುಡಿಯುವುದನ್ನು ಬಿಡುತ್ತಾಳೆ, ಮೊದಲಿನ ಕಾಫಿಗೇ ಹೋಗುತ್ತಾಳೆ ಎಂದು ಸುಮ್ಮನಾದೆ. ಶ್ರಾವಣ ಸೋಮವಾರಗಳು ಬಂದವು. ಅವಳು ಉಪವಾಸವಿದ್ದು, ಬೇರೇನನ್ನೂ ಮುಟ್ಟದೆ, ಆ ಕಾಫಿಯನ್ನೇ ಲಿಂಗಕ್ಕೆ ಅರ್ಪಿಸಿ ಕುಡಿದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಆಶ್ವಯುಜದ ಕೊನೆಯಲ್ಲಿ ಒಂದು ಬೆಳಿಗ್ಗೆ ಪೂಜೆಗೆ ದಾಸವಾಳ ಕೊಯ್ಯುತ್ತಿದ್ದವಳು ಗಿಡದ ಕೆಳಗೆ ಕುಳಿತಳು. ಮತ್ತೆ ಏಳಲಿಲ್ಲ. ಹೃದಯ ಮೊದಲೇ ಸೋತಿತ್ತು, ಕಾಫಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಆ ಭಯ ನನಗೆ ಇರಲೂ ಇಲ್ಲ. ನಮ್ಮ ಪದ್ಧತಿಯಂತೆ ಅವಳನ್ನು ಕೂರಿಸಿ, ಲಿಂಗವನ್ನು ಅವಳ ಎಡಗೈಯಲ್ಲೇ ಇಟ್ಟು ಮಣ್ಣು ಮಾಡಿದೆವು. ಮಣ್ಣು ಹಾಕುವಾಗ ನನಗೆ ಒಂದೇ ಯೋಚನೆ. ಯಾವ ಲಿಂಗದ ಮುಂದೆ ನಾನು ತಪ್ಪು ಮಾಡಿದ್ದೆನೋ, ಆ ಲಿಂಗವೂ ಅವಳ ಜೊತೆಯಲ್ಲೇ ಹೋಯಿತು. ಕ್ಷಮಿಸು ಎನ್ನಲು ಅವಳೂ ಇಲ್ಲ, ಅದೂ ಇಲ್ಲ.

ಹನ್ನೊಂದನೆಯ ದಿನ ಆರಾಧನೆ. ಸ್ವಾಮಿಗಳು ಊಟಕ್ಕೆ ಬರುವವರಿದ್ದರು. ತೆರಕಣಾಂಬಿಯಿಂದ ಬಂದು ಉಳಿದುಕೊಂಡಿದ್ದ ನಾದಿನಿ ದೇವೀರಮ್ಮ, ಪುಟ್ಟಲಿಂಗಮ್ಮನ ಒಬ್ಬಳೇ ತಂಗಿ, ಎಡೆಗೆ ಎಲ್ಲವನ್ನೂ ತಾನೇ ಮಾಡಿದ್ದಳು. ಒತ್ತುಶಾವಿಗೆ, ಕಾಯಿಹಾಲು, ಹುಚ್ಚೆಳ್ಳು ಚಟ್ನಿ, ಸತ್ತವಳಿಗೆ ಇಷ್ಟವಾದದ್ದೆಲ್ಲ ಇತ್ತು.

"ಭಾವ, ಇನ್ನು ಕಾಫಿ ಒಂದೇ" ಎಂದಳು. "ನೀವೇ ಮಾಡಬೇಕು. ಫೋನ್ ಮಾಡಿದಾಗಲೆಲ್ಲ ಅಕ್ಕ ಅದನ್ನೇ ಹೇಳೋಳು. ಮೂರು ತಿಂಗಳಿಂದ ನಿನ್ನ ಭಾವ ಮಾಡ್ತಿರೋ ಕಾಫಿ ಅಂದ್ರೆ ಕಾಫಿ ಕಣೇ ಅಂತ. ಜಾಸ್ತೀನೇ ಮಾಡಿ. ಎಡೆ ಎತ್ತಿದ ಮೇಲೆ ಸ್ವಾಮಿಗಳಿಗೂ ಎಲ್ರಿಗೂ ಒಂದೊಂದು ಗುಟುಕು ಪ್ರಸಾದ ಕೊಡೋಣ."

ನಾನು ಒಲೆಯ ಮುಂದೆ ನಿಂತೆ. ಆ ಪುಡಿಯಲ್ಲಿ ಮಾಡಿದರೆ ಅವಳ ಜೊತೆಗೆ ಸ್ವಾಮಿಗಳಿಗೂ, ನೆಂಟರಿಗೂ ಮೋಸ. ಇನ್ನೊಂದರಲ್ಲಿ ಮಾಡಿ ಸುಮ್ಮನಿದ್ದರೆ, ಸತ್ತ ಮೇಲೂ ಅವಳಿಗೆ ಸುಳ್ಳನ್ನೇ ಬಡಿಸಿದಂತೆ. ನೀರು ಕುದಿಯತೊಡಗಿತು.

"ಏನ್ ಭಾವ, ನೀರಿಗೆ ಪೂಜೆ ಮಾಡ್ತಿದೀರಾ?"

ನಾನು ಭರಣಿಯ ಹಿಂದಿನಿಂದ ಬಿಸ್ಕತ್ತಿನ ಡಬ್ಬಿ ತೆಗೆದು ಅವಳ ಮುಂದೆ ಇಟ್ಟು ಅಣಬೆಯ ವಿಷಯ ಹೇಳಿದೆ.

ದೇವೀರಮ್ಮ ಒಲೆ ಆರಿಸಿದಳು. ಅಡಿಗೆಮನೆಯ ಬಾಗಿಲನ್ನು ಮುಂದೆ ಮಾಡಿ ನೆಲದ ಮೇಲೆ ಕುಳಿತಳು.

"ಭುವನಳ ಅಣಬೆಯಾ?"

"ಹೌದು."

"ಹುತ್ತದ ಅಣಬೆ ತಂದ ಅಂತ ನಮ್ಮಪ್ಪ ಆಳಿನ ಮಂಕರೀನೇ ತಿಪ್ಪೆಗೆ ಎಸೆದಿದ್ದ. ಆ ಮನೆ ಹೆಣ್ಣು ಕಣ್ರೀ ಅದು." ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿದ್ದೆ ಬಂತಾ ಅವಳಿಗೆ?" ಎಂದಳು.

"ಬಂತು. ಎದೆ ಬಡಿತವೂ ಇಳಿದಿತ್ತು."

"ಔಷಧಿ ಅಂತ ಕೊಟ್ರಿ. ಗೊತ್ತಿಲ್ಲದೆ ಕುಡಿದ್ಳು. ಶಿವನಿಗೆ ಅಷ್ಟು ತಿಳಿಯಲ್ವಾ?" ಎದ್ದು ನಿಂತಳು. "ಹೋಗ್ಲಿ ಬುಡಿ ಭಾವ. ನೀವೂ ಅವಳ ಜೊತೇಲೇ ಕುಡಿದ್ರಲ್ಲ. ಪಾಪ ಅಂದ್ರೂ ಇಬ್ರಿಗೂ ಸಮ."

ಅಲ್ಲಿಗೆ ಮುಗಿಯುತ್ತಿತ್ತು. ನಾನು ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು.

"ನಾನು ಕುಡಿಯಲಿಲ್ಲ ದೇವೀರಮ್ಮ" ಎಂದೆ. "ನನ್ನದು ಹಿತ್ತಾಳೆ ಡಬ್ಬಿಯಿಂದ ಬೇರೆ ಮಾಡಿಕೊಳ್ಳುತ್ತಿದ್ದೆ. ನನ್ನ ಕೊರಳಲ್ಲೂ ಲಿಂಗ ಇದೆಯಲ್ಲ ಎಂದು."

ಅವಳು ನನ್ನನ್ನು ಹೊಸಬನನ್ನು ನೋಡುವಂತೆ ನೋಡಿದಳು.

"ನಿಮ್ಮ ಲಿಂಗ ಲಿಂಗ. ಅವಳದು ಕಲ್ಲಾ?"

ಮೂರು ತಿಂಗಳು ಎರಡು ಲೋಟ ಪಕ್ಕಪಕ್ಕ ಇಟ್ಟು, ತಪ್ಪಿಯೂ ಅದಲುಬದಲಾಗದಂತೆ ನೋಡಿಕೊಂಡಿದ್ದೆ. ನನ್ನ ಲೋಟದ ಅಂಚು ಸ್ವಲ್ಪ ನೆಗ್ಗಿತ್ತು. ಅದೇ ನನಗೆ ಗುರುತು.

"ಅಣಬೆ ಹಾಕಿದ್ದನ್ನ ನಾನು ಮರೀತೀನಿ" ಎಂದಳು ದೇವೀರಮ್ಮ. "ಇದನ್ನ ಹ್ಯಾಗೆ ಮರೀಲಿ?"

ಆಮೇಲೆ ತಾನೇ ಹಿತ್ತಾಳೆ ಡಬ್ಬಿ ತೆಗೆದು, ಮತ್ತೆ ಒಲೆ ಹಚ್ಚಿ ಕಾಫಿ ಮಾಡಿದಳು. ನಾನು ಬಿಸ್ಕತ್ತಿನ ಡಬ್ಬಿಯನ್ನು ಹಿತ್ತಲಿಗೆ ಒಯ್ಯಲು ಎತ್ತಿಕೊಂಡೆ. ಅವಳು ತಡೆದಳು. "ಎಸೆಯೋದಂತೂ ಬೇಡ. ಅದು ಇಲ್ಲೇ ಇರಲಿ. ಏನು ಮಾಡಬೇಕು ಅನ್ನೋದು ನಿಮಗೇ ಗೊತ್ತು."

ಎಡೆ ಎತ್ತಿದ ಮೇಲೆ ಅವಳೇ ಎಲ್ಲರ ಅಂಗೈಗೂ ಕಾಫಿ ಪ್ರಸಾದ ಹಾಕಿದಳು. ನಾನೂ ಕೈ ಚಾಚಿದ್ದೆ. ನನ್ನನ್ನು ದಾಟಿ ಮುಂದಿನವರಿಗೆ ಹಾಕಿದಳು. ಯಾರಿಗೂ ಏನೂ ಹೇಳಲಿಲ್ಲ. ಸಂಜೆಯ ಬಸ್ಸಿಗೆ ಹೊರಟಾಗ ನನಗೆ ಹೇಳಿ ಹೋಗಲೂ ಇಲ್ಲ.

ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿ ಆ ಡಬ್ಬಿಯ ಪುಡಿಯನ್ನು ಕುದಿಸಿದೆ. ನೆಗ್ಗಿದ ಲೋಟವನ್ನು ಪಕ್ಕಕ್ಕೆ ಸರಿಸಿ, ಅವಳ ಲೋಟಕ್ಕೆ ಸೋಸಿದೆ. ನನ್ನ ಲಿಂಗವನ್ನು ಅಂಗೈಯಲ್ಲಿ ಹಿಡಿದು ಲೋಟವನ್ನು ಅದರ ಮುಂದೆ ನಿಲ್ಲಿಸಿದೆ. ಕುಡಿದೆ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು, ಹೊಸ ಮಳೆಯ ಮಣ್ಣಿನ ವಾಸನೆ. ಶುಂಠಿ ಅದನ್ನು ಸ್ವಲ್ಪವೂ ಮುಚ್ಚಿರಲಿಲ್ಲ. ಇದೇನೆಂದು ಅವಳು ಏಕೆ ಮತ್ತೆ ಕೇಳಲಿಲ್ಲ? ನಾನು ಮಾಡಿದ್ದು ಎಂಬ ಒಂದೇ ಕಾರಣಕ್ಕೆ.

ಅಂದಿನಿಂದ ದಿನವೂ ಅದನ್ನೇ ಕುಡಿಯುತ್ತಿದ್ದೇನೆ. ಸೊಸೆ ಒಮ್ಮೆ, "ಮಾವ, ಕಾಫಿಗೆ ಏನು ಹಾಕ್ತೀರಿ, ಬೇರೆ ವಾಸನೆ" ಎಂದಳು. ಅವಳನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ರಾತ್ರಿ ಮಗನಿಗೂ ತಿಳಿಯಿತು. ಅವನು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅದು ಸರಿಯೇ.

ನಿನ್ನೆ ದೇವೀರಮ್ಮನ ಫೋನು ಬಂತು. ಆರಾಧನೆಯ ನಂತರ ಅದೇ ಮೊದಲು. ಕ್ಷೇಮಸಮಾಚಾರವಿಲ್ಲ.

"ಮುಗೀತಾ?" ಎಂದಳು.

"ಇನ್ನೂ ನಾಲ್ಕು ದಿನಕ್ಕೆ ಪುಡಿ ಇದೆ."

ಅವಳ ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು.

"ಮುಗಿದ ದಿನ ಫೋನ್ ಮಾಡಿ" ಎಂದು ಇಟ್ಟಳು.